ಭಾರದ ಟೂರಿಂಗ್ ಬೈಕಿಗೆ ಹಿಂದಿನ ಟೈರು ಆರಿಸುವ ಕ್ರಮ

ದೂರ ಪ್ರಯಾಣದ ದೊಡ್ಡ ಬೈಕು ಇಟ್ಟುಕೊಂಡಿರುವ ಮೈಸೂರು, ಮಂಡ್ಯ ಭಾಗದ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಹಿಂದಿನ ಟೈರು ಸವೆದಿದೆ, ಯಾವುದನ್ನು ಹಾಕಿಸಬೇಕು? ಕೇಳುವವರಲ್ಲಿ ಹೆಚ್ಚಿನವರು ಒಂದು ಕಂಪನಿಯ ಹೆಸರನ್ನು ಉತ್ತರವಾಗಿ ನಿರೀಕ್ಷಿಸುತ್ತಾರೆ. ಆದರೆ ಬೈಕಿನದೇ ತೂಕ 200 ಕೆ.ಜಿ. ದಾಟಿ, ಅದರ ಮೇಲೆ ಇಬ್ಬರು ಸವಾರರು ಮತ್ತು ಮೂರು ಪೆಟ್ಟಿಗೆ ಕುಳಿತಾಗ, ಹಿಂದಿನ ಟೈರು ಎಷ್ಟು ಭಾರ ಹೊರಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಕಂಪನಿ, ಮೈಮೇಲಿನ ವಿನ್ಯಾಸ, ಬೆಲೆ ಇವೆಲ್ಲ ಅದರ ನಂತರದ ವಿಚಾರಗಳು. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಆರಂಭಿಸುವ ಮುನ್ನ ನಿಮ್ಮ ಬೈಕಿನ ಮಾಲೀಕರ ಕೈಪಿಡಿ, ಗಾಳಿಯ ಒತ್ತಡ ಅಳೆಯುವ ನಿಮ್ಮದೇ ಆದ ಒಂದು ಗೇಜು, ಮತ್ತು ಈಗಿರುವ ಟೈರಿನ ಪಕ್ಕದ ಬರಹದ ಸ್ಪಷ್ಟವಾದ ಫೋಟೊ ಕೈಯಲ್ಲಿರಲಿ. ಹಿಂದಿನ ಮಾಲೀಕರು ಬೇರೆ ಅಳತೆಯ ಟೈರು ಹಾಕಿಸಿರಬಹುದಾದ್ದರಿಂದ, ಬೈಕನ್ನು ಸೆಕೆಂಡ್‌ಹ್ಯಾಂಡ್ ಕೊಂಡವರು ಫೋಟೊವನ್ನು ನಂಬದೆ ಕೈಪಿಡಿಯಲ್ಲಿರುವ ಅಳತೆಯನ್ನೇ ಮೂಲವೆಂದು ಹಿಡಿಯಬೇಕು.

ಹಂತ 1: ಟೈರು ನಿಜವಾಗಿಯೂ ಮುಗಿದಿದೆಯೇ ಎಂದು ನೋಡಿ

ಟೈರಿನ ತೋಡುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಅವು ಸವೆತದ ಸೂಚಕಗಳು. ಅವು ಎಲ್ಲಿವೆ ಎಂದು ತೋರಿಸಲು ಟೈರಿನ ಅಂಚಿನಲ್ಲಿ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಅಚ್ಚಾಗಿರುತ್ತದೆ. ಟೈರಿನ ಮೇಲ್ಮೈ ಸವೆದು ಈ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಮಾತೇ ಇಲ್ಲ, ಬದಲಾಯಿಸಲೇಬೇಕು. ಭಾರದ ಬೈಕಿನಲ್ಲಿ ಮಳೆಗಾಲದಲ್ಲಿ ಕೊಡಗಿನ ಕಡೆಗೋ ವಯನಾಡಿನ ಕಡೆಗೋ ಹೋಗುವವರಾದರೆ, ತೋಡಿನ ಆಳ 2 ಮಿ.ಮೀ. ಉಳಿದಿರುವಾಗಲೇ ಬದಲಾಯಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆಳವನ್ನು ಟೈರಿನ ನಡುವಿನಲ್ಲಿ ಅಳೆಯಿರಿ. ನೇರ ರಸ್ತೆಯಲ್ಲೇ ಹೆಚ್ಚು ಓಡುವ ಬೈಕುಗಳಲ್ಲಿ ನಡುಭಾಗ ಚಪ್ಪಟೆಯಾಗಿ ಸವೆದು, ಎರಡೂ ಅಂಚುಗಳು ಹೊಸದರಂತೆಯೇ ಉಳಿದಿರುತ್ತವೆ. ಮೈಸೂರು–ಮಂಡ್ಯದ ನಡುವೆ ದಿನನಿತ್ಯ ಓಡಾಡುವವರ ಟೈರುಗಳಲ್ಲಿ ಇದು ಎದ್ದು ಕಾಣುತ್ತದೆ. ಅಂಚು ನೋಡಿ ‘ಇನ್ನೂ ಇದೆ’ ಎಂದು ಸಮಾಧಾನ ಪಟ್ಟುಕೊಳ್ಳುವುದು ಸಾಮಾನ್ಯ ತಪ್ಪು. ಚಪ್ಪಟೆಯಾದ ಟೈರು ತಿರುವಿನಲ್ಲಿ ಮೊದಲು ವಾಲಲು ಒಲ್ಲದೆ, ಆಮೇಲೆ ಥಟ್ಟನೆ ವಾಲುತ್ತದೆ. ಮಹದೇಶ್ವರ ಬೆಟ್ಟದ ಹೇರ್‌ಪಿನ್ ತಿರುವುಗಳಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹತ್ತುವಾಗ ಈ ಸ್ವಭಾವ ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಪಕ್ಕದ ಗೋಡೆಯಲ್ಲಿ ಉಬ್ಬು, ನೂಲು ಕಾಣುವಂಥ ಸೀಳು ಅಥವಾ ಸಣ್ಣ ಬಿರುಕುಗಳ ಬಲೆ ಕಂಡರೆ ತೋಡು ಎಷ್ಟೇ ಆಳವಿದ್ದರೂ ಟೈರಿನ ಆಯುಸ್ಸು ಮುಗಿದಿದೆ.

ಹಂತ 2: ಪಕ್ಕದ ಬರಹವನ್ನು ಓದಿ

ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಸೂಪರ್ ಮಿಟಿಯೋರ್ 650 ಬೈಕಿನ ಹಿಂದಿನ ಟೈರಿನ ಅಳತೆ ‘150/80 ಬಿ 16 71 ಎಚ್’. ಇದನ್ನು ಬಿಡಿಸಿ ಓದುವುದು ಹೀಗೆ. 150 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂಬುದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. ಅಂದರೆ ಇಲ್ಲಿ 120 ಮಿ.ಮೀ. ‘ಬಿ’ ಎಂಬುದು ಒಳಗಿನ ರಚನೆಯನ್ನು ಹೇಳುತ್ತದೆ, ಅದರ ವಿವರ ನಾಲ್ಕನೇ ಹಂತದಲ್ಲಿದೆ. 16 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. 71 ಎಂಬುದು ಭಾರದ ಸೂಚ್ಯಂಕ, ಅಂದರೆ ಆ ಟೈರು ಹೊರಬಲ್ಲ ಗರಿಷ್ಠ ಭಾರವನ್ನು ತಿಳಿಸುವ ಸಂಕೇತ ಸಂಖ್ಯೆ. ಕೊನೆಯ ‘ಎಚ್’ ವೇಗದ ಸಂಕೇತ, ಗಂಟೆಗೆ 210 ಕಿ.ಮೀ.ವರೆಗೆ.

ವೇಗದ ಅಕ್ಷರದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೈಪಿಡಿಯಲ್ಲಿರುವ ಅಕ್ಷರಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ, ಅಷ್ಟು ಸಾಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯ ಹಂಪು ಎಣಿಸುತ್ತಾ ಹೋಗುವವರಿಗೆ ಗಂಟೆಗೆ 240 ಕಿ.ಮೀ. ಹೇಳುವ ‘ವಿ’ ಅಕ್ಷರಕ್ಕಾಗಿ ಹೆಚ್ಚು ಹಣ ಕೊಟ್ಟು ಪ್ರಯೋಜನವಿಲ್ಲ. ಭಾರದ ಸಂಖ್ಯೆಯ ಮಾತು ಬೇರೆ.

ಹಂತ 3: ಹಿಂದಿನ ಚಕ್ರದ ಮೇಲಿನ ಭಾರವನ್ನು ಲೆಕ್ಕ ಹಾಕಿ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಟೈರು ತಾನಾಗಿ ಕೆಟ್ಟಿತೆಂದು ದೂರುವವರ ಬೈಕನ್ನು ನೋಡಿದರೆ ಅನೇಕ ಸಲ ಭಾರ ಹೆಚ್ಚಾಗಿರುತ್ತದೆ, ಇಲ್ಲವೇ ಆ ಭಾರಕ್ಕೆ ತಕ್ಕ ಗಾಳಿ ಇರುವುದಿಲ್ಲ.

ಭಾರದ ಸೂಚ್ಯಂಕಗಳಲ್ಲಿ ನಿಮಗೆ ಬೇಕಾಗುವವು ಇಷ್ಟು: 60 ಎಂದರೆ 250 ಕೆ.ಜಿ., 62 ಎಂದರೆ 265, 65 ಎಂದರೆ 290, 66 ಎಂದರೆ 300, 69 ಎಂದರೆ 325, 71 ಎಂದರೆ 345, 73 ಎಂದರೆ 365, 77 ಎಂದರೆ 412 ಕೆ.ಜಿ. ಇದು ಒಂದು ಟೈರು ಹೊರುವ ಭಾರವೇ ಹೊರತು ಇಡೀ ಬೈಕಿನ ತೂಕವಲ್ಲ.

ಅಂದಾಜು ಲೆಕ್ಕ ಹೀಗಿರುತ್ತದೆ. ಪೆಟ್ರೋಲ್ ತುಂಬಿದ ಬೈಕಿನ ತೂಕ 240 ಕೆ.ಜಿ. ಎಂದುಕೊಳ್ಳೋಣ. ಅದರಲ್ಲಿ ಸುಮಾರು ಅರ್ಧ, ಅಂದರೆ 120 ಕೆ.ಜಿ., ಹಿಂದಿನ ಚಕ್ರದ ಮೇಲಿರುತ್ತದೆ. 80 ಕೆ.ಜಿ. ತೂಗುವ ಸವಾರನ ಭಾರದಲ್ಲಿ 50 ಕೆ.ಜಿ. ಹಿಂದಕ್ಕೆ ಬೀಳುತ್ತದೆ ಎನ್ನಬಹುದು. ಹಿಂದೆ ಕುಳಿತವರದು ಹೆಚ್ಚುಕಡಿಮೆ ಪೂರ್ತಿ ಹಿಂದಿನ ಚಕ್ರಕ್ಕೇ ಸೇರುತ್ತದೆ. ಅದನ್ನು 60 ಎಂದು ಹಿಡಿಯಿರಿ. ಪಕ್ಕದ ಪೆಟ್ಟಿಗೆಗಳು ಮತ್ತು ಮೇಲಿನ ಪೆಟ್ಟಿಗೆ ಸೇರಿ 35 ಕೆ.ಜಿ. ಒಟ್ಟು 265 ಕೆ.ಜಿ. ಸೂಚ್ಯಂಕ 62ರ ಟೈರು ಇಲ್ಲಿ ತನ್ನ ಮಿತಿಯ ಅಂಚಿನಲ್ಲಿದೆ. ಗುಂಡಿಯೊಂದಕ್ಕೆ ಚಕ್ರ ಬಿದ್ದಾಗ ಉಳಿಕೆ ಏನೂ ಇರುವುದಿಲ್ಲ. ಸೂಚ್ಯಂಕ 66 ಇದ್ದರೆ ನೆಮ್ಮದಿ, 69 ಅಥವಾ 71 ಇದ್ದರೆ ಇನ್ನೂ ಒಳ್ಳೆಯದು. ಆದರೆ ಟೈರು ಹೊರುತ್ತದೆಂದು ಬೈಕಿನ ಮೇಲೆ ಹೇರುತ್ತಾ ಹೋಗುವಂತಿಲ್ಲ. ಬೈಕಿನ ಚೌಕಟ್ಟಿಗೂ ಸಸ್ಪೆನ್ಶನ್ನಿಗೂ ತಯಾರಕರು ಹಾಕಿದ ಮಿತಿ ಕೈಪಿಡಿಯಲ್ಲಿರುತ್ತದೆ, ಅದೂ ಪಾಲನೆಯಾಗಬೇಕು.

ಮೇಲಿನ ಪೆಟ್ಟಿಗೆಯ ಬಗ್ಗೆ ಒಂದು ಎಚ್ಚರಿಕೆ. ಅದು ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದೆ ಕೂರುವುದರಿಂದ, ಅದರಲ್ಲಿ 10 ಕೆ.ಜಿ. ಇಟ್ಟರೆ ಹಿಂದಿನ ಟೈರಿಗೆ 10 ಕೆ.ಜಿ.ಗಿಂತ ಹೆಚ್ಚು ಭಾರ ಬೀಳುತ್ತದೆ ಮತ್ತು ಮುಂದಿನ ಚಕ್ರ ಅಷ್ಟರಮಟ್ಟಿಗೆ ಹಗುರವಾಗುತ್ತದೆ. ಭಾರವಾದ ವಸ್ತುಗಳನ್ನು ಪಕ್ಕದ ಪೆಟ್ಟಿಗೆಗಳ ತಳದಲ್ಲಿಡಿ.

ಅಂದಾಜು ಸಾಲದೆನ್ನುವವರಿಗೆ ನಮ್ಮ ಕಡೆ ಸುಲಭವಾದ ದಾರಿಯಿದೆ. ಕಬ್ಬು, ಭತ್ತದ ಸೀಮೆಯಾದ್ದರಿಂದ ಮಂಡ್ಯ ಜಿಲ್ಲೆಯಲ್ಲಿ ವೇಬ್ರಿಡ್ಜ್‌ಗಳಿಗೆ ಬರವಿಲ್ಲ. ಪ್ರಯಾಣಕ್ಕೆ ಹೊರಡುವಾಗಿನಂತೆಯೇ ಪೂರ್ತಿ ಲಗೇಜು ಹೇರಿ, ಇಬ್ಬರೂ ಕುಳಿತು, ಹಿಂದಿನ ಚಕ್ರ ಮಾತ್ರ ತೂಕದ ಹಲಗೆಯ ಮೇಲಿರುವಂತೆ ಬೈಕನ್ನು ನಿಲ್ಲಿಸಿ. ಮುಂದಿನ ಚಕ್ರ ಅದೇ ಮಟ್ಟದ ನೆಲದ ಮೇಲಿರಲಿ. ಗಟ್ಟಿಮುಟ್ಟಾದ ಇಬ್ಬರು ಎರಡೂ ಕಡೆಯಿಂದ ಬೈಕನ್ನು ನೆಟ್ಟಗೆ ಹಿಡಿದುಕೊಂಡಾಗ ಸವಾರರು ಕಾಲುಗಳನ್ನು ಫುಟ್‌ರೆಸ್ಟ್ ಮೇಲಿಡಬೇಕು. ಲಾರಿ ತೂಗುವ ಯಂತ್ರವಾದ್ದರಿಂದ ಹತ್ತು ಕೆ.ಜಿ. ಆಚೀಚೆ ತೋರಿಸಬಹುದು, ಆದರೆ ನಮ್ಮ ಉದ್ದೇಶಕ್ಕೆ ಅಷ್ಟು ಸಾಕು.

ಇನ್ನೊಂದು ಮುಖ್ಯ ಸಂಗತಿ: ಒಂದೇ ಅಳತೆಯ ಟೈರುಗಳು ಬೇರೆ ಬೇರೆ ಭಾರದ ಸೂಚ್ಯಂಕಗಳಲ್ಲಿ ಬರುತ್ತವೆ. ಮೇಲೆ ಹೇಳಿದ 150/80 ಬಿ 16 ಅಳತೆಯಲ್ಲೇ 71 ಮತ್ತು 77 ಎರಡೂ ತಯಾರಾಗುತ್ತವೆ. ಅಂದರೆ 345 ಮತ್ತು 412 ಕೆ.ಜಿ. ಅಂಗಡಿಯವರು ಅಳತೆ ಮಾತ್ರ ಕೇಳಿ ಟೈರು ತಂದಿಡುತ್ತಾರೆ. ಆ ಕೊನೆಯ ಸಂಖ್ಯೆಯನ್ನು ಕೇಳಬೇಕಾದವರು ನೀವು.

ಹಂತ 4: ಒಳರಚನೆ ಮತ್ತು ಟ್ಯೂಬು

ಅಳತೆಯ ನಡುವೆ ‘ಆರ್’ ಇದ್ದರೆ ರೇಡಿಯಲ್. ಒಳಗಿನ ನೂಲುಗಳು ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹಾದು, ಅವುಗಳ ಮೇಲೆ ಪಟ್ಟಿಗಳು ಸುತ್ತಿರುತ್ತವೆ. ಬರೀ ಅಡ್ಡಗೆರೆ ಇದ್ದರೆ ಬಯಾಸ್. ನೂಲಿನ ಪದರಗಳು ಹಗ್ಗದ ಮಂಚದಂತೆ ಓರೆಯಾಗಿ ಒಂದನ್ನೊಂದು ದಾಟಿರುತ್ತವೆ. ‘ಬಿ’ ಇದ್ದರೆ ಬಯಾಸ್ ರಚನೆಗೇ ಮೇಲೊಂದು ಪಟ್ಟಿ ಸೇರಿಸಿದ್ದಾರೆಂದು ಅರ್ಥ. ರೇಡಿಯಲ್ ಟೈರು ದೀರ್ಘ ಓಟದಲ್ಲಿ ಕಡಿಮೆ ಬಿಸಿಯಾಗುತ್ತದೆ, ರಸ್ತೆಯ ಏರುಪೇರನ್ನು ಹೆಚ್ಚು ನುಂಗುತ್ತದೆ. ಬಯಾಸ್ ಟೈರಿನ ಪಕ್ಕದ ಗೋಡೆ ಗಡುಸು. ಭಾರದ ಕ್ರೂಸರುಗಳಲ್ಲಿ ಇಂದಿಗೂ ಅದನ್ನು ಬಳಸುವುದು ಈ ಕಾರಣಕ್ಕೆ. ಕೈಪಿಡಿಯಲ್ಲಿ ಯಾವುದಿದೆಯೋ ಅದನ್ನೇ ಹಾಕಿಸಿ. ಮುಂದೆ ರೇಡಿಯಲ್ ಇರುವಾಗ ಹಿಂದೆ ಬಯಾಸ್ ಹಾಕಿಸುವುದಂತೂ ಬೇಡ.

ಕಡ್ಡಿಗಳಿರುವ ಸಾಮಾನ್ಯ ರಿಮ್ಮಿಗೆ ಟ್ಯೂಬು ಬೇಕು. ಅಂಥ ರಿಮ್ಮಿಗೆ ಟ್ಯೂಬ್‌ಲೆಸ್ ಟೈರನ್ನು ಒಳಗೆ ಟ್ಯೂಬು ಹಾಕಿ ಬಳಸಬಹುದೇ ಎಂಬುದು ಟೈರು ತಯಾರಕರ ಅನುಮತಿಯನ್ನು ಅವಲಂಬಿಸಿದೆ. ಅವರ ಅಳತೆ ಪಟ್ಟಿಯಲ್ಲಿ ಅದರ ಉಲ್ಲೇಖ ಇರುತ್ತದೆ. ಟೈರಿನೊಂದಿಗೆ ಟ್ಯೂಬನ್ನೂ ಬದಲಾಯಿಸಿ. ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಚಿಕೊಂಡು ಅಲ್ಲಿಯೇ ತೂತಾಗುತ್ತದೆ.

ಹಂತ 5: ನೀವು ಓಡಿಸುವ ರಸ್ತೆಗೆ ತಕ್ಕ ಟೈರು

ನಿಮ್ಮ ಒಂದು ವರ್ಷದ ಓಡಾಟವನ್ನು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಿ. ವರ್ಷಕ್ಕೊಮ್ಮೆ ಲಡಾಖಿಗೆ ಹೋಗಬೇಕೆಂಬ ಆಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೈಸೂರಿನಿಂದ ಹುಣಸೂರು ಮಾರ್ಗವಾಗಿ ಮಡಿಕೇರಿ, ಗುಂಡ್ಲುಪೇಟೆ ದಾಟಿ ಊಟಿ, ಮಳವಳ್ಳಿ–ಕನಕಪುರದ ಮೇಲೆ ಬೆಂಗಳೂರು, ಭಾನುವಾರ ಮೇಲುಕೋಟೆ: ಇವೆಲ್ಲ ಡಾಂಬರು ರಸ್ತೆಗಳು. ಇದಕ್ಕೆ ಬೇಕಾದದ್ದು ಟೂರಿಂಗ್ ಟೈರು. ಉತ್ತಮ ಟೂರಿಂಗ್ ಟೈರುಗಳಲ್ಲಿ ಎರಡು ಬಗೆಯ ರಬ್ಬರ್ ಇರುತ್ತದೆ: ನಡುವೆ ಬೇಗ ಸವೆಯದ ಗಡುಸು ರಬ್ಬರ್, ಎರಡೂ ಅಂಚಿನಲ್ಲಿ ತಿರುವನ್ನು ಹಿಡಿಯುವ ಮೃದು ರಬ್ಬರ್. ನೇರ ರಸ್ತೆಯಲ್ಲಿ ನಡುಭಾಗವನ್ನೇ ಸವೆಸುವ ನಮ್ಮಂಥವರಿಗೆ ಈ ರಚನೆ ಹೇಳಿ ಮಾಡಿಸಿದ್ದು.

ದಪ್ಪ ದಪ್ಪ ರಬ್ಬರ್ ಗಟ್ಟಿಗಳಿರುವ ಟೈರು ನೋಡಲು ಚೆಂದ. ನಾಲೆ ಏರಿಯ ಮಣ್ಣಿನ ದಾರಿಯಲ್ಲಿ ಅದರ ಉಪಯೋಗವೂ ಉಂಟು. ಆದರೆ 240 ಕೆ.ಜಿ. ಬೈಕಿನಡಿಯಲ್ಲಿ ಡಾಂಬರಿನ ಮೇಲೆ ಅದು ಬೇಗ ಸವೆಯುತ್ತದೆ, ಗುಂಯ್‌ಗುಡುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕು ಹಾಕಿದಾಗ ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾದ್ದರಿಂದ ಹಿಡಿತವೂ ತಗ್ಗುತ್ತದೆ. ಸಾಹಸ ಪ್ರವಾಸದ ಟೈರುಗಳನ್ನು ತಯಾರಕರು 90/10, 70/30, 50/50 ಎಂದು ಗುರುತಿಸುತ್ತಾರೆ. ಮೊದಲ ಸಂಖ್ಯೆ ಡಾಂಬರಿನ ಪಾಲು, ಎರಡನೆಯದು ಮಣ್ಣಿನದು. ನಮ್ಮ ಭಾಗದ ಹೆಚ್ಚಿನ ಸವಾರರಿಗೆ 90/10 ಸಾಕು.

ಯಾವ ಟೈರೂ ಗೆಲ್ಲಲಾಗದ ರಸ್ತೆಗಳು ನಮ್ಮಲ್ಲಿವೆ ಎಂಬುದನ್ನೂ ಹೇಳಿಬಿಡಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ರಾಗಿ, ಹುರುಳಿಯ ಒಕ್ಕಣೆ, ನಾಟಿಯ ಕಾಲದಲ್ಲಿ ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರು, ಕಬ್ಬಿನ ಗಾಡಿಯಿಂದ ಉದುರಿದ ತರಗು, ಇವುಗಳ ಮೇಲೆ ಅತ್ಯಂತ ದುಬಾರಿ ಟೈರೂ ಜಾರುತ್ತದೆ. ಅಲ್ಲಿ ಟೈರನ್ನು ನಂಬದೆ ವೇಗ ತಗ್ಗಿಸಿ, ಬೈಕನ್ನು ವಾಲಿಸದೆ, ಹಿಂದಿನ ಬ್ರೇಕು ತುಳಿಯದೆ ದಾಟಿ.

ಹಂತ 6: ಅಗಲದ ಆಸೆ ಮತ್ತು ಕಾರಿನ ಟೈರು

‘150 ಇರುವಲ್ಲಿ 180 ಹಾಕಿಸಿದರೆ ಹೆಚ್ಚು ಹಿಡಿತ ಸಿಗುವುದಿಲ್ಲವೇ?’ ಎಂಬ ಪ್ರಶ್ನೆಗೆ ಉತ್ತರ, ಇಲ್ಲ. ಪ್ರತಿ ಟೈರಿಗೂ ಇಂತಿಷ್ಟು ಅಗಲದ ರಿಮ್ಮು ಎಂದು ನಿಗದಿಯಾಗಿದೆ. ಕಿರಿದಾದ ರಿಮ್ಮಿಗೆ ಅಗಲವಾದ ಟೈರನ್ನು ಸೇರಿಸಿದಾಗ ಅದರ ಎರಡೂ ಅಂಚುಗಳು ಒಳಕ್ಕೆ ಹಿಸುಕಿಕೊಂಡು ನಡುಭಾಗ ಮೊನಚಾಗುತ್ತದೆ. ನೆಲಕ್ಕೆ ತಾಗುವ ಭಾಗ ಹೆಚ್ಚಾಗುವ ಬದಲು ಕಡಿಮೆಯಾಗುತ್ತದೆ. ಭಾರ ಹೇರಿ ಸಸ್ಪೆನ್ಶನ್ ಕುಗ್ಗಿದಾಗ ಟೈರು ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವ ಅಪಾಯವೂ ಇದೆ. ಖಾಲಿ ಬೈಕನ್ನು ಅಂಗಡಿಯ ಮುಂದೆ ನಿಲ್ಲಿಸಿ ನೋಡಿದಾಗ ಇದು ತಿಳಿಯುವುದಿಲ್ಲ. ಟೈರಿನ ಎತ್ತರ ಬದಲಾದರೆ ಚಕ್ರದ ಸುತ್ತಳತೆಯೂ ಬದಲಾಗಿ, ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವ ಎಬಿಎಸ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್‌ಗಳ ಲೆಕ್ಕವೂ ಏರುಪೇರಾಗುತ್ತದೆ.

ಬಹಳ ಭಾರದ ಕ್ರೂಸರು ಇಟ್ಟುಕೊಂಡ ಕೆಲವರು ಹಿಂದೆ ಕಾರಿನ ಟೈರು ಹಾಕಿಸುತ್ತಾರೆ. ಅದು ಹೆಚ್ಚು ಬಾಳುತ್ತದೆ, ಅಗ್ಗವೂ ಹೌದು. ಆದರೆ ಬೈಕು ವಾಲಿ ತಿರುಗುವ ವಾಹನ. ಕಾರಿನ ಟೈರು ವಾಲಲು ಮಾಡಿದ್ದಲ್ಲ. ಘಾಟಿಯ ತಿರುವಿನಲ್ಲಿ ಬೈಕು ಅದರ ಚೌಕ ಅಂಚಿನ ಮೇಲೆ ನಿಲ್ಲಬೇಕಾಗುತ್ತದೆ. ಟೈರು ರಿಮ್ಮಿನ ಮೇಲೆ ಕೂರುವ ಅಂಚಿನ ಆಕಾರವೂ ಕಾರು ಮತ್ತು ಬೈಕುಗಳಲ್ಲಿ ಬೇರೆ ಬೇರೆ. ಬಾಳಿಕೆ ಎಷ್ಟೇ ಬರಲಿ, ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಹಂತ 7: ಅಂಗಡಿಯಲ್ಲಿ

ಮೈಸೂರಿನ ಮೇಟಗಳ್ಳಿಯಲ್ಲಿ ವಿಕ್ರಾಂತ್ ಕಾಲದಿಂದಲೂ ಟೈರು ಕಾರ್ಖಾನೆಯಿದೆ. 1997ರಲ್ಲಿ ಜೆಕೆ ಟೈರ್ ಅದನ್ನು ವಹಿಸಿಕೊಂಡಿತು. ಇಷ್ಟಾದರೂ ದೊಡ್ಡ ಬೈಕಿನ ಹಿಂದಿನ ಟೈರು ನಮ್ಮೂರ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದು ಅಪರೂಪ. ಎಂಆರ್‌ಎಫ್, ಸಿಯೆಟ್, ಅಪೊಲೊ, ಟಿವಿಎಸ್ ಯೂರೋಗ್ರಿಪ್ ಮುಂತಾದ ದೇಶೀಯ ಕಂಪನಿಗಳು ಮಧ್ಯಮ ಅಳತೆಗಳನ್ನು ಚೆನ್ನಾಗಿ ಪೂರೈಸುತ್ತವೆ. ಮಿಶೆಲಿನ್, ಮೆಟ್ಜೆಲರ್, ಪಿರೆಲಿಯಂಥ ವಿದೇಶಿ ಟೈರುಗಳಿಗೆ ಮುಂಗಡ ಹೇಳಿ ತರಿಸಬೇಕಾಗುತ್ತದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ್ದು ನೆನಪಿರಲಿ. ಪ್ರವಾಸದ ಹಿಂದಿನ ವಾರ ಟೈರು ಹುಡುಕಲು ಹೊರಡಬೇಡಿ. ಎರಡು ತಿಂಗಳು ಮೊದಲೇ ವಿಚಾರಿಸಿ.

ಟೈರು ಕೈಗೆ ಬಂದಾಗ ಹಣ ಕೊಡುವ ಮುನ್ನ ಇವನ್ನು ನೋಡಿ:

– ತಯಾರಿಕೆಯ ದಿನಾಂಕ. ‘ಡಿಒಟಿ’ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3524 ಎಂದಿದ್ದರೆ 2024ರ 35ನೇ ವಾರ. ದೊಡ್ಡ ಅಳತೆಗಳು ನಿಧಾನವಾಗಿ ಮಾರಾಟವಾಗುವುದರಿಂದ ಹಳೆಯ ದಾಸ್ತಾನು ಬರುವ ಸಾಧ್ಯತೆ ಇವುಗಳಲ್ಲೇ ಹೆಚ್ಚು. ಎರಡು ವರ್ಷಕ್ಕಿಂತ ಹಳೆಯದಾದರೆ ನಾನು ಬೇಡವೆನ್ನುತ್ತೇನೆ. ರಿಯಾಯಿತಿ ಎಷ್ಟೇ ದೊಡ್ಡದಿದ್ದರೂ ದಿನಾಂಕ ನೋಡದೆ ಒಪ್ಪಬೇಡಿ.

– ಐಎಸ್‌ಐ ಗುರುತು. ಆಮದಾದ ಟೈರಿಗೂ ಇದು ಕಡ್ಡಾಯ. ದ್ವಿಚಕ್ರ ವಾಹನದ ಟೈರಿಗೆ ಅನ್ವಯಿಸುವ ಮಾನದಂಡದ ಸಂಖ್ಯೆ ಐಎಸ್ 15627.

– ಹಿಂದಿನ ಚಕ್ರಕ್ಕೇ ಮಾಡಿದ ಟೈರೇ ಎಂಬುದು. ಕೆಲವು ಅಳತೆಗಳು ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆಯಾಗಿ ಬರುತ್ತವೆ.

ಸೆಕೆಂಡ್‌ಹ್ಯಾಂಡ್ ಟೈರಿನ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಸವೆದ ಟೈರಿಗೆ ಬಿಸಿ ಅಲಗಿನಿಂದ ಹೊಸ ಗೆರೆ ಕೊರೆದು ಮಾರುವವರಿದ್ದಾರೆ. ಹಾಗೆ ಕೊರೆದಾಗ ಒಳಗಿನ ನೂಲಿನ ಮೇಲೆ ಉಳಿಯುವ ರಬ್ಬರ್ ತೀರ ತೆಳುವಾಗಿರುತ್ತದೆ. ತೋಡಿನಲ್ಲಿ ಸವೆತದ ಸೂಚಕ ದಿಬ್ಬ ಕಾಣದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹಂತ 8: ಹಾಕಿಸುವಾಗ

ಅಲಾಯ್ ರಿಮ್ಮಿನ ಟೈರನ್ನು ಯಂತ್ರದಲ್ಲಿ ಬಿಚ್ಚುವ ಅಂಗಡಿಗೇ ಹೋಗಿ. ಕಬ್ಬಿಣದ ಲಿವರು ಹಾಕಿ ಎಬ್ಬಿದರೆ ರಿಮ್ಮಿನ ಅಂಚಿಗೆ ಗಾಯವಾಗಿ, ಟ್ಯೂಬ್‌ಲೆಸ್ ಟೈರಿನಿಂದ ಗಾಳಿ ನಿಧಾನವಾಗಿ ಸೋರತೊಡಗುತ್ತದೆ. ಭಾರದ ಬೈಕಿನ ಹಿಂದಿನ ಚಕ್ರ ಬಿಚ್ಚಿ ಅಭ್ಯಾಸವಿಲ್ಲದ ಅಂಗಡಿಯಾದರೆ, ನಿಮ್ಮ ಮೆಕ್ಯಾನಿಕ್ ಬಳಿ ಚಕ್ರ ಬಿಚ್ಚಿಸಿ, ಚಕ್ರವನ್ನು ಮಾತ್ರ ಟೈರು ಅಂಗಡಿಗೆ ಒಯ್ಯುವುದು ಜಾಣತನ.

ಚಕ್ರ ಹೊರಗಿರುವಾಗಲೇ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಿ, ಕರಕರ ಎಂದರೆ ಬದಲಾಯಿಸಿ. ಎಳೆತದ ಹೊಡೆತವನ್ನು ನುಂಗುವ ಹಬ್ಬಿನೊಳಗಿನ ಕಪ್ಲಿಂಗ್ ರಬ್ಬರುಗಳನ್ನೂ ಬ್ರೇಕ್ ಪ್ಯಾಡುಗಳನ್ನೂ ಪರೀಕ್ಷಿಸಿ. ಎಬಿಎಸ್ ಸೆನ್ಸರಿನ ತಂತಿ ಮತ್ತು ಹಲ್ಲಿನ ಬಳೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಟ್ಯೂಬ್‌ಲೆಸ್ ಆದರೆ ವಾಲ್ವನ್ನು ಹೊಸದು ಹಾಕಿಸಿ. ಟೈರಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಟೈರಿನ ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ಅಂಚನ್ನು ಸೇರಿಸಲು ಸೋಪಿನ ನೀರು ಅಥವಾ ಅದಕ್ಕೆಂದೇ ಇರುವ ಲೇಪ ಬಳಸಲಿ. ಎಂಜಿನ್ ಆಯಿಲ್, ಗ್ರೀಸು ಬೇಡ. ಗಾಳಿ ತುಂಬಿದ ಮೇಲೆ ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲಿರುವ ತೆಳುವಾದ ಗೆರೆ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಒಂದು ಕಡೆ ಮುಳುಗಿದ್ದರೆ ಟೈರು ಸರಿಯಾಗಿ ಕೂತಿಲ್ಲ. ಬ್ಯಾಲೆನ್ಸಿಂಗ್ ಮಾಡಿಸಿ. ‘ಬೈಕಿಗೆ ಯಾಕೆ ಸಾರ್ ಬ್ಯಾಲೆನ್ಸಿಂಗ್’ ಎನ್ನುವ ಅಂಗಡಿಯಲ್ಲಿ ದೊಡ್ಡ ಬೈಕಿನ ಕೆಲಸ ಮಾಡಿಸದಿರುವುದೇ ಲೇಸು. ಚಕ್ರ ಮರಳಿ ಕೂರಿಸಿದ ಮೇಲೆ ಚೈನಿನ ಸಡಿಲ ಮತ್ತು ಅಚ್ಚಿನ ನಟ್ಟಿನ ಬಿಗಿತ ಕೈಪಿಡಿಯ ಅಳತೆಗೆ ಸರಿಯಿದೆಯೇ ನೋಡಿ.

ಹಂತ 9: ಗಾಳಿ ಮತ್ತು ಮೊದಲ ಓಟ

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡದ ಸಂಖ್ಯೆ, ಉದಾಹರಣೆಗೆ 42 ಪಿಎಸ್‌ಐ, ಗರಿಷ್ಠ ಭಾರ ಹೊರಲು ಬೇಕಾದ ಒತ್ತಡ. ನಿತ್ಯದ ಓಟಕ್ಕೆ ಅದಲ್ಲ. ನಿಮಗೆ ಬೇಕಾದ ಸಂಖ್ಯೆ ಕೈಪಿಡಿಯಲ್ಲೋ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಮೇಲಿನ ಚೀಟಿಯಲ್ಲೋ ಇರುತ್ತದೆ; ಒಬ್ಬರಿಗೆ ಒಂದು, ಇಬ್ಬರು ಮತ್ತು ಲಗೇಜಿಗೆ ಇನ್ನೊಂದು. ಟೈರು ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಹೊರಡುವ ಮುನ್ನ, ಮನೆಯಲ್ಲೇ ಅಳೆಯಿರಿ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸಿತೆಂದು ಪೆಟ್ರೋಲ್ ಬಂಕಿನಲ್ಲಿ ಗಾಳಿ ಬಿಡಿಸುವುದು ದೊಡ್ಡ ತಪ್ಪು. ಗಾಳಿ ಕಡಿಮೆಯಾದಷ್ಟೂ ಪಕ್ಕದ ಗೋಡೆ ಬಾಗಿ ಬಾಗಿ ಬಿಸಿಯೇರುತ್ತದೆ, ಭಾರ ಹೊತ್ತ ಟೈರು ಸೀಳುವುದು ಅದರಿಂದಲೇ. ನೈಟ್ರೋಜನ್‌ಗೆ ಹಣ ಕೊಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಸಾಮಾನ್ಯ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ.

ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ 150 ಕಿ.ಮೀ.ವರೆಗೆ ಜೋರಾಗಿ ಆಕ್ಸಿಲರೇಟರ್ ತಿರುವುವುದು, ಹಠಾತ್ ಬ್ರೇಕು, ಹೆಚ್ಚು ವಾಲಿಸುವುದು ಬೇಡ. ವಾಲಿಸುವುದನ್ನು ನಿಧಾನವಾಗಿ ಹೆಚ್ಚಿಸುತ್ತಾ ಬನ್ನಿ. ಬೆಂಗಳೂರಿನಲ್ಲಿ ಹಾಕಿಸಿಕೊಂಡು ಮೈಸೂರಿಗೆ ಬರುವವರಿಗೆ ಮನೆ ಸೇರುವಷ್ಟರಲ್ಲಿ ಈ ದೂರ ಹೆಚ್ಚುಕಡಿಮೆ ಮುಗಿದಿರುತ್ತದೆ. ಮರುದಿನ ಬೆಳಿಗ್ಗೆ ಒತ್ತಡವನ್ನು ಮತ್ತೊಮ್ಮೆ ಅಳೆಯಿರಿ. ಅಂಚು ಸರಿಯಾಗಿ ಕೂರದಿದ್ದರೆ ಆಗಲೇ ಗೊತ್ತಾಗುತ್ತದೆ.

ಟ್ಯೂಬ್‌ಲೆಸ್ ಟೈರಿನವರು ಪಂಚರ್ ಕಿಟ್ಟು ಮತ್ತು ಸಣ್ಣ ಗಾಳಿ ಯಂತ್ರವನ್ನು ಬೈಕಿನಲ್ಲೇ ಇಟ್ಟುಕೊಳ್ಳಿ. ನಡುಭಾಗದ ತೂತಿಗೆ ಬತ್ತಿ ಹಾಕಬಹುದು, ಪಕ್ಕದ ಗೋಡೆಯ ತೂತಿಗೆ ರಿಪೇರಿಯಿಲ್ಲ. ಬಂಡೀಪುರದ ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೂ ಇಲ್ಲ. ಆದ್ದರಿಂದ ಆ ದಾರಿಯಲ್ಲಿ ಹೋಗುವಾಗ ಟೈರನ್ನು ಗುಂಡ್ಲುಪೇಟೆಯಲ್ಲೇ ಒಮ್ಮೆ ಸುತ್ತಲೂ ನೋಡಿ ಮುಂದುವರಿಯಿರಿ.

ಬಿಲ್ಲನ್ನು ಜೋಪಾನವಾಗಿಡಿ, ತಯಾರಿಕೆಯ ದೋಷವಿದ್ದರೆ ಕಂಪನಿ ಕೇಳುವುದು ಅದನ್ನೇ. ಹಾಕಿಸಿದ ದಿನದ ಓಡೊಮೀಟರ್ ಸಂಖ್ಯೆಯನ್ನು ಅದರ ಹಿಂಭಾಗದಲ್ಲಿ ಬರೆದಿಡಿ. ಹಳೆಯ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬರುವುದಾದರೆ, ಅದು ಗೆರೆ ಕೊರೆಸಿಕೊಂಡು ಇನ್ನೊಬ್ಬರ ಬೈಕಿಗೆ ಸೇರದಂತೆ ಪಕ್ಕದ ಗೋಡೆಯನ್ನು ಚಾಕುವಿನಿಂದ ಸೀಳಿಸಿ ಬಿಟ್ಟು ಬನ್ನಿ.